ಟ್ಯಾಬ್: ಈ ಕಾಫಿ ಹಣಕ್ಕೋ, ಮುಂದಿನ ಮಾದರಿಗೋ?

ಮಡಿಕೇರಿಯಲ್ಲಿ ಕಂಪ್ಯೂಟರ್ ಮಾರಾಟ ಮತ್ತು ರಿಪೇರಿಯ ಅಂಗಡಿ ನಡೆಸುವ ನನಗೆ ವರ್ಷಕ್ಕೆ ಎರಡು ಬಾರಿ ಒಂದೇ ಪ್ರಶ್ನೆ ಎದುರಾಗುತ್ತದೆ. ರೋಬಸ್ಟಾ ಕೊಯ್ಲು ಮುಗಿದು ಕಾಫಿ ಮಾರಿದ ಹಣ ಕೈಸೇರುವ ಮಾರ್ಚ್ ಹೊತ್ತಿಗೆ ಒಮ್ಮೆ, ಮಕ್ಕಳು ಮೈಸೂರು, ಮಂಗಳೂರಿನ ಕಾಲೇಜುಗಳಿಗೆ ಹೊರಡುವ ಮಳೆಗಾಲದ ಆರಂಭದಲ್ಲಿ ಇನ್ನೊಮ್ಮೆ ಜನ ಬಂದು, ಟ್ಯಾಬ್ ಈಗಲೇ ಕೊಳ್ಳುವುದೋ, ಹೊಸ ಮಾದರಿ ಬರುವವರೆಗೆ ಕಾಯುವುದೋ ಎಂದು ಕೇಳುತ್ತಾರೆ. ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಮೂರು ವರ್ಷ ಸತತವಾಗಿ ಇದನ್ನು ಕೇಳಿದರು, ಮೂರು ವರ್ಷವೂ ಮುಂದಿನದು ಬರಲಿ ಎಂದು ಬರಿಗೈಯಲ್ಲಿ ಹಿಂದಿರುಗಿದರು. ಅಷ್ಟೂ ಕಾಲ ಅವರ ತೋಟದ ಕಾರ್ಮಿಕರ ಹಾಜರಿ, ಮುಂಗಡ ಮತ್ತು ಕೊಯ್ದ ಹಣ್ಣಿನ ತೂಕದ ಲೆಕ್ಕವೆಲ್ಲ ತೋಟದ ಲೆಕ್ಕ ಬರೆಯುವ ರೈಟರ್‌ನ ಚೀಲದಲ್ಲಿದ್ದ, ಮಳೆಗೆ ಅಂಚು ನೆನೆದ ಪುಸ್ತಕದಲ್ಲೇ ಉಳಿದಿತ್ತು.

ಉತ್ತರ ಹೇಳುವ ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾನು ಮಾರುವವನು, ಗ್ರಾಹಕರು ಇಂದೇ ಕೊಂಡರೆ ನನಗೆ ಲಾಭ. ಆದ್ದರಿಂದ ಕೆಳಗೆ ಬರೆದಿರುವುದನ್ನು ಆ ಎಚ್ಚರದಿಂದಲೇ ಓದಬೇಕೆಂದು ಕೋರುತ್ತೇನೆ. ಆದರೆ ನಾನು ರಿಪೇರಿಯನ್ನೂ ಮಾಡುವವನಾದ್ದರಿಂದ, ಮಾರಿದ ಸಾಧನ ಐದು ವರ್ಷದ ನಂತರ ಯಾವ ಸ್ಥಿತಿಯಲ್ಲಿ ನನ್ನ ಮೇಜಿಗೆ ಮರಳಿ ಬರುತ್ತದೆ ಎಂಬುದನ್ನೂ ನೋಡುತ್ತಿರುತ್ತೇನೆ.

ಕಾಯಬೇಕೆನ್ನುವವರ ಮನಸ್ಸಿನಲ್ಲಿ ಎರಡು ಅಂಜಿಕೆಗಳಿರುತ್ತವೆ. ಕೊಂಡ ಮರುತಿಂಗಳೇ ಹೊಸ ಮಾದರಿ ಬಂದು ತಮ್ಮದು ಹಳತಾದೀತು ಎಂಬುದು ಒಂದು, ಇದೇ ವಸ್ತು ಸ್ವಲ್ಪ ದಿನದಲ್ಲಿ ಕಡಿಮೆ ಬೆಲೆಗೆ ಸಿಕ್ಕೀತು ಎಂಬುದು ಇನ್ನೊಂದು. ಮೊದಲನೆಯದು ಸುಳ್ಳು ಅಂಜಿಕೆಯೇನಲ್ಲ. ಆಪಲ್ ಕಂಪನಿಯು ಮೂರನೆಯ ತಲೆಮಾರಿನ ಐಪ್ಯಾಡನ್ನು 2012ರ ಮಾರ್ಚ್‌ನಲ್ಲಿ ತಂದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾಲ್ಕನೆಯದನ್ನು ಘೋಷಿಸಿತು. ಏಳೇ ತಿಂಗಳಲ್ಲಿ ಪ್ರೊಸೆಸರ್ ಮಾತ್ರವಲ್ಲ, ಚಾರ್ಜಿಂಗ್ ಪಿನ್ ಕೂಡ ಬದಲಾಯಿತು. ಮೂರನೆಯದನ್ನು ಕೊಂಡವರಿಗೆ ಮೋಸಹೋದಂತೆ ಅನಿಸಿದ್ದು ಸಹಜ. ಆದರೆ ಮುಂದಿನ ವರ್ಷಗಳ ಲೆಕ್ಕ ತೆಗೆದರೆ, ಮೂರನೆಯದಕ್ಕೆ ಅದನ್ನು ನಡೆಸುವ ತಂತ್ರಾಂಶವಾದ ಐಓಎಸ್‌ನ 9ನೇ ಆವೃತ್ತಿಯವರೆಗೆ, ನಾಲ್ಕನೆಯದಕ್ಕೆ ಐಓಎಸ್ 10ರವರೆಗೆ ಅಪ್‌ಡೇಟ್ ಸಿಕ್ಕಿತು. ವೇಗದ ವ್ಯತ್ಯಾಸವನ್ನು ಬದಿಗಿಟ್ಟರೆ, ಏಳು ತಿಂಗಳು ಕಾದವರ ಟ್ಯಾಬ್‌ಗೆ ಹೆಚ್ಚುವರಿಯಾಗಿ ದೊರೆತದ್ದು ಒಂದು ಆವೃತ್ತಿಯ ಆಯುಷ್ಯ.

ಇದರ ವಿರುದ್ಧ ದಿಕ್ಕಿನ ಉದಾಹರಣೆಗಳೂ ಇವೆ, ಮತ್ತು ಅವು ಜನರ ನೆನಪಿನಲ್ಲಿ ಅಷ್ಟಾಗಿ ಉಳಿಯುವುದಿಲ್ಲ. 2023ನೇ ಇಸವಿಯಲ್ಲಿ ಆಪಲ್ ಒಂದೇ ಒಂದು ಹೊಸ ಐಪ್ಯಾಡನ್ನೂ ಬಿಡುಗಡೆ ಮಾಡಲಿಲ್ಲ; ಆ ವರ್ಷ ಕಾಯುತ್ತ ಕುಳಿತವರು 2024ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್ ಸಾಲನ್ನು ತೆಗೆದುಕೊಳ್ಳಿ: ಎಸ್8 ಬಂದದ್ದು 2022ರ ಫೆಬ್ರವರಿಯಲ್ಲಿ, ಎಸ್9 ಬಂದದ್ದು 2023ರ ಜುಲೈ–ಆಗಸ್ಟ್‌ನಲ್ಲಿ. 2024ರ ಶರತ್ಕಾಲದಲ್ಲಿ ಎಸ್10 ಬಂತಾದರೂ, ಅದರಲ್ಲಿ ದೊಡ್ಡ ಗಾತ್ರದ ಎರಡು ಮಾದರಿಗಳು ಮಾತ್ರ ಇದ್ದವು. ಹನ್ನೊಂದು ಇಂಚಿನ ಚಿಕ್ಕ ಟ್ಯಾಬ್‌ಗಾಗಿ ಕಾದವರು ಎಸ್11 ಬರುವ ತನಕ, ಎಂದರೆ 2025ರ ಸೆಪ್ಟೆಂಬರ್‌ವರೆಗೆ, ಕಾಯಬೇಕಾಯಿತು. ಕಾವೇರಿ ಸಂಕ್ರಮಣದ ಮುಹೂರ್ತವನ್ನು ನಾವು ವರ್ಷದ ಮೊದಲೇ ತಿಳಿಯಬಹುದು. ಕಂಪನಿಗಳ ಬಿಡುಗಡೆಗೆ ಅಂತಹ ಪಂಚಾಂಗವಿಲ್ಲ. ಯೂಟ್ಯೂಬ್‌ನಲ್ಲಿ ‘ಸೋರಿಕೆ’ ಎಂದು ಬರುವ ದಿನಾಂಕಗಳನ್ನು ನಂಬಿ ಮಗಳ ಕಾಲೇಜಿನ ಮೊದಲ ಸೆಮಿಸ್ಟರನ್ನು ಫೋನಿನಲ್ಲೇ ಕಳೆಯಿಸಿದ ತಂದೆಯೊಬ್ಬರು ನನಗೆ ಪರಿಚಿತರು.

ಬೆಲೆಯ ಅಂಜಿಕೆಗೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು. ಹತ್ತನೆಯ ತಲೆಮಾರಿನ ಸಾಮಾನ್ಯ ಐಪ್ಯಾಡ್ 2022ರ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ 64 ಜಿಬಿ ಮಾದರಿಯ ಬೆಲೆ 44,900 ರೂಪಾಯಿ ಇತ್ತು. 2024ರ ಮೇ ತಿಂಗಳಲ್ಲಿ ಅದೇ ಮಾದರಿ 34,900 ರೂಪಾಯಿಗೆ ಇಳಿಯಿತು, 2025ರ ಮಾರ್ಚ್‌ನಲ್ಲಿ ಎ16 ಚಿಪ್‌ನ ಮುಂದಿನ ಮಾದರಿಯು ಇಮ್ಮಡಿ ಸಂಗ್ರಹದೊಂದಿಗೆ, ಎಂದರೆ 128 ಜಿಬಿಯೊಂದಿಗೆ, ಅದೇ 34,900 ರೂಪಾಯಿಗೆ ಬಂತು. ಕಾದವರು ಗೆದ್ದರು ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಮೊದಲ ದಿನ ಕೊಂಡವರು ಇಪ್ಪತ್ತೊಂಬತ್ತು ತಿಂಗಳು ಬಳಸಿದ್ದರು. ಹೆಚ್ಚಿಗೆ ಕೊಟ್ಟ ಹತ್ತು ಸಾವಿರವನ್ನು ಆ ತಿಂಗಳುಗಳಿಗೆ ಹಂಚಿದರೆ ತಿಂಗಳಿಗೆ 345 ರೂಪಾಯಿಯಾಗುತ್ತದೆ. ಸಾಧನದಿಂದ ತಿಂಗಳಿಗೆ ಅಷ್ಟು ಬೆಲೆಯ ಕೆಲಸ ಆಗುವುದೇ ಎಂದು ಕೇಳಿಕೊಂಡರೆ, ಹೋಮ್‌ಸ್ಟೇ ಬುಕಿಂಗ್ ನೋಡುವವರ ಉತ್ತರ ಒಂದು, ಸಂಜೆ ಹೊತ್ತು ಧಾರಾವಾಹಿ ನೋಡುವವರ ಉತ್ತರ ಇನ್ನೊಂದು. ಎರಡನೆಯವರು ನಿಶ್ಚಿಂತೆಯಿಂದ ಕಾಯಬಹುದು.

ತೆರಿಗೆ ಇಳಿಯುವುದೆಂದು ಕಾದವರ ಕಥೆಯೂ ಇದೆ. 2025ರ ಆಗಸ್ಟ್‌ನಲ್ಲಿ ಜಿಎಸ್‌ಟಿ ಕಡಿತದ ಮಾತು ಕೇಳಿಬಂದೊಡನೆ ನನ್ನ ಅಂಗಡಿಗೆ ಬರುತ್ತಿದ್ದವರು ಖರೀದಿಯನ್ನು ಮುಂದೂಡಿದರು. ಸೆಪ್ಟೆಂಬರ್ 22ರಿಂದ ಹೊಸ ದರಗಳು ಜಾರಿಯಾದಾಗ ಏಸಿ ಮತ್ತು ದೊಡ್ಡ ಟಿವಿಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಟ್ಯಾಬ್, ಲ್ಯಾಪ್‌ಟಾಪ್, ಮೊಬೈಲ್‌ಗಳು ಮೊದಲೇ ಶೇ. 18ರಲ್ಲಿದ್ದವು, ಅಲ್ಲೇ ಉಳಿದವು. ಅದೇ ವರ್ಷದ ಕೊನೆಯಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರತೊಡಗಿತು. ಎಲೆಕ್ಟ್ರಾನಿಕ್ ವಸ್ತು ಕಾದಷ್ಟೂ ಅಗ್ಗವಾಗುತ್ತದೆ ಎಂಬ ನಮ್ಮ ಹಳೆಯ ನಂಬಿಕೆಯನ್ನು ಈಗ ಕಣ್ಣುಮುಚ್ಚಿ ನೆಚ್ಚಿಕೊಳ್ಳುವಂತಿಲ್ಲ. ಬೆಲೆಗಾಗಿಯೇ ಕಾಯುವುದಾದರೆ ದಸರಾ–ದೀಪಾವಳಿಯ ನಡುವಿನ ಆನ್‌ಲೈನ್ ಮಾರಾಟಕ್ಕೆ ಕಾಯುವುದು ಮೇಲು. ಅದು ಯಾವ ತಿಂಗಳಲ್ಲಿ ಬರುತ್ತದೆಂದಾದರೂ ತಿಳಿದಿರುತ್ತದೆ. (ಸ್ಥಳೀಯ ಅಂಗಡಿಯವನಾಗಿ ಇದನ್ನು ಬರೆಯಲು ನನಗೆ ಸಂಕಟವಿದೆ, ಆದರೂ ನಿಜವನ್ನು ಮುಚ್ಚಿಡಲಾಗದು.)

ಗ್ರಾಹಕರು ನನ್ನನ್ನು ಕೇಳದೆ ಇರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅಪ್‌ಡೇಟಿನದು. ಕಂಪನಿಗಳು ಭರವಸೆ ಕೊಡುವ ಅಪ್‌ಡೇಟ್ ವರ್ಷಗಳನ್ನು ಮಾದರಿ ಬಿಡುಗಡೆಯಾದ ದಿನದಿಂದ ಎಣಿಸುತ್ತಾರೆ, ನೀವು ಡಬ್ಬಿ ತೆರೆದ ದಿನದಿಂದಲ್ಲ. ಎಸ್9 ಸಾಲಿಗೆ ಸ್ಯಾಮ್‌ಸಂಗ್ ಐದು ವರ್ಷದ ಭದ್ರತಾ ಅಪ್‌ಡೇಟ್ ಹೇಳಿತ್ತು, ಎಸ್10 ಸಾಲಿಗೆ ಏಳು ವರ್ಷ. ಹಾಗಾಗಿ 2023ರಲ್ಲಿ ಬಂದ ಎಸ್9 ಅನ್ನು 2026ರಲ್ಲಿ ರಿಯಾಯಿತಿ ದರದಲ್ಲಿ ಕೊಂಡರೆ, ಹೊಸ ಡಬ್ಬಿಯೊಳಗೆ ಉಳಿದಿರುವ ಆಯುಷ್ಯ ಎರಡು ವರ್ಷವಷ್ಟೆ. 2019ರಲ್ಲಿ ಬಂದ ಏಳನೆಯ ತಲೆಮಾರಿನ ಐಪ್ಯಾಡ್‌ಗೆ 2025ರ ಐಪ್ಯಾಡ್‌ಓಎಸ್ 26 ಸಿಗಲಿಲ್ಲ. ಸುಮಾರು ಆರು ವರ್ಷದ ಬಾಳು ಅದು. ಅಪ್‌ಡೇಟ್ ನಿಂತ ಟ್ಯಾಬ್ ಮರುದಿನವೇ ಸಾಯುವುದಿಲ್ಲ, ನಿಜ. ಒಂದೆರಡು ವರ್ಷದ ನಂತರ ಮೊದಲು ಬ್ಯಾಂಕಿನ ಆ್ಯಪ್ ತೆರೆಯುವುದಿಲ್ಲ, ಆಮೇಲೆ ಒಂದೊಂದಾಗಿ ಉಳಿದವು ಮುನಿಸಿಕೊಳ್ಳುತ್ತವೆ. ನನ್ನ ಮೇಜಿಗೆ ಬರುವ ಹಳೆಯ ಟ್ಯಾಬ್‌ಗಳಲ್ಲಿ ಹೆಚ್ಚಿನವಕ್ಕೆ ಯಂತ್ರದ ದೋಷವೇ ಇರುವುದಿಲ್ಲ. ಬೆಲೆ ಇಳಿದ ಹಳೆಯ ಮಾದರಿಯನ್ನು ಕೊಳ್ಳುವಾಗ ಬೆಲೆಯನ್ನು ಉಳಿದ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ ನೋಡಿದರೆ, ಎಷ್ಟೋ ‘ಆಫರ್’ಗಳು ದುಬಾರಿಯಾಗಿ ಕಾಣುತ್ತವೆ.

ಹಾಗಾದರೆ ತೀರಾ ಹೊಸದನ್ನೇ ಕೊಳ್ಳಬೇಕೆಂದೇ? ಬೆಂಗಳೂರಿನಲ್ಲಿದ್ದಿದ್ದರೆ ಬಹುಶಃ ಹೌದೆನ್ನುತ್ತಿದ್ದೆ. ಕೊಡಗಿನಲ್ಲಿ ನನ್ನ ಸಲಹೆ ಬೇರೆ. ಹೊಸ ಮಾದರಿ ಬಂದ ಮೊದಲ ಕೆಲವು ತಿಂಗಳು ಅದರ ಟೆಂಪರ್ಡ್ ಗ್ಲಾಸ್, ಕವರ್ ಯಾವುದೂ ನಮ್ಮ ಅಂಗಡಿಗಳಿಗೆ ಬರುವುದಿಲ್ಲ. ಡಿಸ್‌ಪ್ಲೇ ಒಡೆದರೆ ಬದಲಿ ಭಾಗ ಸಿಗುವುದು ಇನ್ನೂ ತಡ. ಇಲ್ಲಿಂದ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬೇಕೆಂದರೆ ಮೈಸೂರು ಸುಮಾರು 120 ಕಿಲೋಮೀಟರ್ ದೂರ, ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಆ ದಾರಿಯೇ ಕುಸಿದು ಸಂಚಾರ ನಿಂತದ್ದನ್ನು ನಾವ್ಯಾರೂ ಮರೆತಿಲ್ಲ. ಬಂದು ಆರರಿಂದ ಹದಿನಾಲ್ಕು ತಿಂಗಳಾದ, ದೀರ್ಘ ಅಪ್‌ಡೇಟ್ ಭರವಸೆಯುಳ್ಳ ಮಾದರಿಯೇ ಇಲ್ಲಿನ ಮನೆಗಳಿಗೆ ಒಪ್ಪುವಂಥದು ಎಂಬುದು ನನ್ನ ಅನುಭವ. ಆಗ ಬಿಡಿಭಾಗ ಹತ್ತಿರ ಬಂದಿರುತ್ತದೆ, ಬೆಲೆ ಕೊಂಚ ಇಳಿದಿರುತ್ತದೆ, ಬಾಳಿನ ಬಹುಪಾಲು ಮುಂದಿರುತ್ತದೆ.

ಸಿಮ್‌ನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ‘ಹೊಸದು ಎಂದರೆ ಉತ್ತಮ’ ಎಂಬ ಮಾತು ಸುಳ್ಳಾಗುವುದು ಇಲ್ಲಿ. 2024ರ ಐಪ್ಯಾಡ್ ಪ್ರೋ ಮತ್ತು ಏರ್ ಮಾದರಿಗಳಿಂದ ಆಪಲ್ ಸಿಮ್ ಕಾರ್ಡ್ ತಟ್ಟೆಯನ್ನೇ ತೆಗೆದುಹಾಕಿದೆ, ಕಾರ್ಡ್ ಇಲ್ಲದೆ ಸಾಧನದೊಳಗೇ ಇರುವ ಇ-ಸಿಮ್ ಮಾತ್ರ. ನಿಮ್ಮ ತೋಟದಲ್ಲಿ ಒಂದೇ ಕಂಪನಿಯ ಸಿಗ್ನಲ್ ಬರುತ್ತಿದ್ದರೆ, ಆ ಕಂಪನಿ ಟ್ಯಾಬ್‌ಗೆ ಇ-ಸಿಮ್ ಕೊಡುವುದೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಬೇಕು. ಫೋನಿನ ಸಿಮ್ ತೆಗೆದು ಟ್ಯಾಬ್‌ಗೆ ಹಾಕಿಕೊಳ್ಳುತ್ತೇನೆ ಎನ್ನುವವರಿಗೆ ಹಳೆಯ ಮಾದರಿಯೇ ಸರಿ. ದಿಶಾಂಕ್ ಆ್ಯಪ್ ತೆರೆದು ತೋಟದ ಅಂಚಿನಲ್ಲಿ ನಿಂತು ಸರ್ವೆ ನಂಬರ್ ನೋಡಬೇಕೆನ್ನುವ ಬೆಳೆಗಾರರಿಗೆ ಇನ್ನೊಂದು ಎಚ್ಚರಿಕೆ: ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ, ಸಿಮ್ ಸೌಲಭ್ಯದ ಮಾದರಿಗಳಲ್ಲಿ ಮಾತ್ರ ಇರುತ್ತದೆ. ಮುಂದಿನ ಮಾದರಿಗೆ ಎಷ್ಟು ಕಾದರೂ, ತಪ್ಪು ಬಗೆಯದನ್ನು ಆರಿಸಿದರೆ ಈ ಕೊರತೆ ನೀಗುವುದಿಲ್ಲ.

ಕೊಳ್ಳಬೇಕಾದ ತಿಂಗಳ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಜುಲೈ–ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ವಿಶೇಷವಾಗಿ, ಇಲ್ಲಿ ಕರೆಂಟ್ ದಿನಗಟ್ಟಲೆ ಹೋಗುತ್ತದೆ, ಗೋಡೆ ಬೂಷ್ಟು ಹಿಡಿಯುತ್ತದೆ, ಚಾರ್ಜಿಂಗ್ ಪಿನ್‌ಗಳಲ್ಲಿ ಕಿಲುಬು ಕಟ್ಟುತ್ತದೆ. ಮಾರ್ಚ್‌ನಲ್ಲಿ ಕೊಂಡವರಿಗೆ ಮಳೆಗೆ ಮುಂಚೆ ಮೂರು ತಿಂಗಳು ಸಿಗುತ್ತದೆ. ದೋಷವೇನಾದರೂ ಇದ್ದರೆ ಅಷ್ಟರಲ್ಲಿ ಹೊರಬಿದ್ದು, ರಸ್ತೆ ಚೆನ್ನಾಗಿರುವಾಗಲೇ ವಾರಂಟಿಯಲ್ಲಿ ಸರಿಪಡಿಸಬಹುದು. ಮಳೆಯ ನಡುವೆ ಕೊಂಡು ಮೊದಲ ವಾರವೇ ಸರ್ವಿಸ್ ಸೆಂಟರಿಗೆ ಅಲೆದವರ ಪಾಡನ್ನು ನಾನು ನೋಡಿದ್ದೇನೆ. ಹಾಗಾಗಿ ಏಪ್ರಿಲ್ ದಾಟಿದ ಮೇಲೆ, ಕಾಲೇಜಿನಂತಹ ತುರ್ತು ಇಲ್ಲದವರು, ಸೆಪ್ಟೆಂಬರ್‌ನಲ್ಲಿ ಬರುವ ಕೊಡವರ ಹಬ್ಬ ಕೈಲ್‌ಪೊಳ್ದ್ ಕಳೆಯುವವರೆಗೆ ಕಾದರೂ ನಷ್ಟವಿಲ್ಲ. ಆ ಹೊತ್ತಿಗೆ ಹಬ್ಬದ ಮಾರಾಟವೂ ಹತ್ತಿರ ಬಂದಿರುತ್ತದೆ.

ಕಾಯುವುದು ನಿಜವಾಗಿ ಸರಿಯಾಗುವ ಸಂದರ್ಭ ಒಂದಿದೆ. ನೀವು ಮೆಚ್ಚಿದ ಮಾದರಿ ಬಂದು ಒಂದೂವರೆ ವರ್ಷ ಕಳೆದಿರಬೇಕು, ಕೈಯಲ್ಲಿರುವ ಹಳೆಯ ಟ್ಯಾಬ್ ಅಥವಾ ಲ್ಯಾಪ್‌ಟಾಪ್ ನಿಮ್ಮ ಕೆಲಸವನ್ನು ಇನ್ನೂ ನಡೆಸಿಕೊಡುತ್ತಿರಬೇಕು, ಮತ್ತು ಇಂತಿಷ್ಟೇ ದಿನ ಎಂದು ನೀವೇ ಗಡುವು ಹಾಕಿಕೊಂಡಿರಬೇಕು. ಗಡುವನ್ನು ಮೂರು ತಿಂಗಳಿಗಿಂತ ಹೆಚ್ಚು ಇಡುವುದು ಬೇಡ. ಗಡುವು ಮುಗಿದ ದಿನ ಹೊಸದು ಬಂದಿರಲಿ, ಬಾರದಿರಲಿ, ಅಂದು ಸಿಗುವುದರಲ್ಲಿ ಸರಿಯಾದುದನ್ನು ಕೊಳ್ಳಬೇಕು. ಹೊಸದು ಬಂದಿದ್ದರೂ ಅದನ್ನೇ ಕೊಳ್ಳಬೇಕೆಂದಿಲ್ಲ. ಅನೇಕ ಬಾರಿ ಕಾದದ್ದರ ಫಲ ಹಳೆಯದರ ಇಳಿದ ಬೆಲೆಯಲ್ಲೇ ಇರುತ್ತದೆ.

ನಾಪೋಕ್ಲಿನ ಬೆಳೆಗಾರರು ನಾಲ್ಕನೆಯ ವರ್ಷ ಬಂದಾಗ ನಾನು ಅವರಿಗೆ ಮಾದರಿಗಳ ಪಟ್ಟಿ ತೋರಿಸಲಿಲ್ಲ. ಮುಂದಿನ ಕೊಯ್ಲು ಯಾವಾಗ ಶುರು ಎಂದಷ್ಟೇ ಕೇಳಿದೆ. ಅರೇಬಿಕಾ ನವೆಂಬರ್‌ಗೆ ಬರುತ್ತದೆ ಎಂದರು. ರೈಟರ್ ಅದನ್ನು ಬಳಸಲು ಕಲಿಯಬೇಕಾದರೆ ಎರಡು ತಿಂಗಳಾದರೂ ಬೇಕು, ಮಳೆಯಲ್ಲಿ ಕೊಳ್ಳುವುದು ಬೇಡ, ಎಂದು ಇಬ್ಬರೂ ಹಿಂದಕ್ಕೆ ಎಣಿಸುತ್ತ ಬಂದರೆ ಆ ದಿನವೇ ಕೊಳ್ಳಬೇಕಿತ್ತು. ಬಂದು ಒಂದು ವರ್ಷವಾಗಿದ್ದ, ಸಿಮ್ ಕಾರ್ಡ್ ಹಾಕುವ ಆಂಡ್ರಾಯ್ಡ್ ಟ್ಯಾಬೊಂದನ್ನು ಒಯ್ದರು. ಜುಲೈನಲ್ಲಿ ಅದರ ಮೇಲಿನ ಗ್ಲಾಸ್ ಬಿರುಕು ಬಿಟ್ಟಿತೆಂದು ಸುರಿವ ಮಳೆಯಲ್ಲಿ ತಂದರು. ಆ ಮಾದರಿಯ ಗ್ಲಾಸ್ ನನ್ನ ಅಂಗಡಿಯಲ್ಲೇ ಇತ್ತು. ಅವರು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಹಾಕಿಕೊಟ್ಟೆ.