ಕೈಗೆ ಗೊತ್ತಾಗದ ಶಾಕ್

ಕಲಬುರಗಿ ಕಡೆಯ ಒಣ ಚಳಿಯಲ್ಲಿ ರಾತ್ರಿ ದೀಪ ಆರಿಸಿ ಸ್ವೆಟರ್ ತೆಗೆದಿದ್ದೀರಾ? ಚಟಚಟ ಸದ್ದು, ಕತ್ತಲಲ್ಲಿ ಸಣ್ಣ ಕಿಡಿ. ಬಟ್ಟೆ ಉಜ್ಜಿ ಮೈಮೇಲೆ ಸೇರಿದ ವಿದ್ಯುತ್ ಚಾರ್ಜ್ ಹಾಗೆ ಹಾರುತ್ತದೆ. ಚಿಕ್ಕಂದಿನಲ್ಲಿ ನಮಗೆ ಅದೊಂದು ಆಟ. ಹೋದ ವರ್ಷ ನನ್ನ ಲ್ಯಾಪ್‌ಟಾಪ್ ಮೇಲೆ ಚಹಾ ಚೆಲ್ಲಿ ಮದರ್‌ಬೋರ್ಡ್, ಅಂದರೆ ಚಿಪ್‌ಗಳೆಲ್ಲ ಕೂತಿರುವ ಮುಖ್ಯ ಹಲಗೆ, ಸತ್ತಿತು. ಹೊಸದನ್ನು ತರಿಸಿ ನಾನೇ ಬದಲಿಸಲು ಕೂತಾಗ ಆ ಕಿಡಿ ನೆನಪಾಗಿ ಸ್ವಲ್ಪ ಭಯವಾಯಿತು.

ನಮ್ಮ ಚರ್ಮಕ್ಕೆ ಇಂಥ ಶಾಕ್ ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಆದರೂ ಬೇಕು. ಕೆಲವು ಚಿಪ್‌ಗಳು ಕೆಡಲು 100 ವೋಲ್ಟ್ ಕೂಡ ಬೇಡ. ಅಂದರೆ ನಮಗೆ ಏನೂ ಅನ್ನಿಸದೇ ಇರುವಾಗಲೇ ಬೋರ್ಡ್ ಹಾಳಾಗಿರಬಹುದು. ಚಿಪ್‌ನೊಳಗಿನ ಒಂದೊಂದು ಟ್ರಾನ್ಸಿಸ್ಟರ್‌ನಲ್ಲೂ ಕರೆಂಟ್ ತಡೆಯುವ ಒಂದು ಪದರ ಇರುತ್ತದೆ. ಅದರ ದಪ್ಪ ಕೆಲವೇ ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು! ಅಷ್ಟು ತೆಳು ಪದರಕ್ಕೆ ತೂತು ಬೀಳಲು ಎಷ್ಟು ಹೊತ್ತು? ಇನ್ನೂ ಕೆಟ್ಟದ್ದೇನೆಂದರೆ, ಕೆಲವೊಮ್ಮೆ ಪದರ ಅರ್ಧಂಬರ್ಧ ಪೆಟ್ಟು ತಿಂದು ಸುಮ್ನೆ ಕೆಲಸ ಮಾಡುತ್ತಲೇ ಇರುತ್ತದೆ. ತಿಂಗಳುಗಳಾದ ಮೇಲೆ ಕೈಕೊಡುತ್ತದೆ. ಆಗ ನಾವು ಬೋರ್ಡ್ ಮಾರಿದವನನ್ನು ಬೈಯುತ್ತೇವೆ.

ಇದಕ್ಕೆಂದೇ ರಿಪೇರಿಯವರು ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಅದರ ವೈರು ಅರ್ಥಿಂಗ್‌ಗೆ ಸೇರಿರುತ್ತದೆ. ಹಾಗಾದರೆ ಆ ಕೈ ತಪ್ಪಿ 230 ವೋಲ್ಟ್ ಮುಟ್ಟಿದರೆ ಗತಿ ಏನು? ಅದಕ್ಕೂ ಉಪಾಯ ಇದೆ. ಪಟ್ಟಿಯಲ್ಲಿ ಹತ್ತು ಲಕ್ಷ ಓಮ್‌ನ ಒಂದು ರೆಸಿಸ್ಟರ್ ಕೂತಿರುತ್ತದೆ. ಹಾಗಾಗಿ ಪಟ್ಟಿಯ ಮೂಲಕ ಹರಿಯುವುದು ಹೆಚ್ಚೆಂದರೆ 0.23 ಮಿಲಿ ಆಂಪಿಯರ್. ಮೈ ಜುಮ್ ಅನ್ನಲೂ ಸಾಲದು. ಮೈಮೇಲಿನ ಚಾರ್ಜ್ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಇಳಿದುಹೋಗುತ್ತದೆ. ಪಟ್ಟಿ ಇಲ್ಲದವರು ಲ್ಯಾಪ್‌ಟಾಪ್ ಒಳಗಿನ ಲೋಹದ ಚೌಕಟ್ಟನ್ನು ಆಗಾಗ ಮುಟ್ಟುತ್ತಿದ್ದರೂ ವಾಸಿ. ಮೈಯೂ ಯಂತ್ರವೂ ಒಂದೇ ಮಟ್ಟಕ್ಕೆ ಬಂದರೆ ಕಿಡಿ ಹಾರುವುದಿಲ್ಲ.

ಕೆಳಗಿನ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಬೇರೆಲ್ಲ ಆಮೇಲೆ. ಶಟ್‌ಡೌನ್ ಮಾಡಿದ್ದೇನಲ್ಲ ಅನ್ನಬೇಡಿ, ಬ್ಯಾಟರಿ ಸೇರಿಕೊಂಡಿರುವ ತನಕ ಬೋರ್ಡಿನ ಕೆಲವು ಭಾಗಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಪರದೆಯ ಕೇಬಲ್ ಬಳಿ ಇದು ಬಹಳ ಅಪಾಯ. ಅಲ್ಲಿ ಬ್ಯಾಕ್‌ಲೈಟ್‌ನ ಪಿನ್ನೂ ಸೂಕ್ಷ್ಮ ಸಿಗ್ನಲ್‌ಗಳ ಪಿನ್ನೂ ಒಂದೇ ಸಾಲಿನಲ್ಲಿ ಒತ್ತಾಗಿ ಕೂತಿರುತ್ತವೆ. ಕೇಬಲ್ ಸ್ವಲ್ಪ ಓರೆಯಾಗಿ ಬಂದರೂ ಫ್ಯೂಸ್ ಹೋದೀತು.

ಸ್ಕ್ರೂಗಳಿಗೆ ನಾನು ಬಳಸಿದ್ದು ಅಡುಗೆಮನೆಯ ಒಗ್ಗರಣೆ ಡಬ್ಬಿ. ಸಾಸಿವೆ ಬಟ್ಟಲಿಗೆ ಮುಚ್ಚಳದವು, ಜೀರಿಗೆ ಬಟ್ಟಲಿಗೆ ಫ್ಯಾನಿನವು. ಇದು ತಮಾಷೆಗಲ್ಲ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಅದರ ತುದಿ ಬೋರ್ಡಿನ ಒಳಪದರದ ತಾಮ್ರದ ಗೆರೆಯನ್ನೇ ಸೀಳಬಹುದು. ಪ್ರೊಸೆಸರ್‌ನ ಬಿಸಿಯನ್ನು ಲೋಹದ ತಟ್ಟೆಗೆ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಾಕುವುದನ್ನೂ ಮರೆಯಬೇಡಿ. ತೊಗರಿಬೇಳೆ ಗಾತ್ರ ಸಾಕು.

ಇನ್ನೊಂದು ಕೆಲಸ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆಗಬೇಕು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ಬೀಗದ ಕೈ ಇರುವುದು ಹಳೇ ಬೋರ್ಡಿನ ಒಂದು ಚಿಪ್‌ನಲ್ಲಿ. ಬೋರ್ಡ್ ಬದಲಾದರೆ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀಯನ್ನು ಮೊದಲೇ ಹುಡುಕಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಫೋಟೊಗಳು ಅಲ್ಲೇ ಇದ್ದೂ ಇಲ್ಲದ ಹಾಗೆ.

ಎಲ್ಲ ಜೋಡಿಸಿ ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಹೊಸ ಬೋರ್ಡ್ ಮೊದಲ ಸಲ ತನ್ನ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಗೊತ್ತಿದ್ದೂ ಎದೆ ಡವಡವ. ಕೊನೆಗೆ ಪರದೆ ಬೆಳಗಿತು. ವೈಫೈ ಮಾತ್ರ ರೌಟರ್ ಪಕ್ಕ ಕೂತರಷ್ಟೇ ಸಿಗುತ್ತಿತ್ತು. ಮತ್ತೆ ಮುಚ್ಚಳ ತೆಗೆದು ನೋಡಿದರೆ ಆಂಟೆನಾದ ಕಪ್ಪು ವೈರು ಎಲ್ಲಿಗೂ ಸೇರದೆ ಮೂಲೆಯಲ್ಲಿ ಬಿದ್ದಿತ್ತು.