2147483647: ಮಿತಿಯೊಳಗೆ ಕೂತ ಅವಿಭಾಜ್ಯ

ಪುಣೆಯ ಹಿಂಜವಡಿಯಲ್ಲೋ ನವಿ ಮುಂಬಯಿಯ ಐರೋಲಿಯಲ್ಲೋ ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರಿಗೆ 2147483647 ಬಾಯಿಪಾಠ. 0 ಅಥವಾ 1 ಹಿಡಿಯುವ ಮನೆಗಳೇ ಬಿಟ್‌ಗಳು; ಅಂಥ 32ರಲ್ಲಿ ಒಂದನ್ನು ಧನ-ಋಣ ಚಿಹ್ನೆಗೆ ಕೊಟ್ಟರೆ ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು. 2ರ 31ನೇ ಘಾತಕ್ಕೆ ಒಂದು ಕಮ್ಮಿ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೆ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19, ಮಂಗಳವಾರ, ಡೊಂಬಿವಲಿ ಲೋಕಲ್‌ಗಳು ಕಿಕ್ಕಿರಿಯುವ ಹೊತ್ತಿಗೆ, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಅಂಚು ಮುಟ್ಟುತ್ತವೆ. ಮರುಸೆಕೆಂಡಿಗೆ ಎಣಿಕೆ ಋಣಸಂಖ್ಯೆಯಾಗಿ ದಿನಾಂಕ 1901ರ ಡಿಸೆಂಬರ್‌ಗೆ ಹೋಗುತ್ತದೆ.

ಇಷ್ಟು ಬಹಳ ಜನರಿಗೆ ಗೊತ್ತು. ಇದಕ್ಕಿಂತ ಬೆಲೆಬಾಳುವ ಗುಣವೆಂದರೆ ಈ ಸಂಖ್ಯೆ ಅವಿಭಾಜ್ಯ ಎಂಬುದು.

ಅದನ್ನು ಸಾಧಿಸಿದವರು ಗಣಿತಜ್ಞ ಆಯ್ಲರ್, 1772ರಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದಾಗ. ಅವಿಭಾಜ್ಯವಲ್ಲದ ಸಂಖ್ಯೆಗೆ ವರ್ಗಮೂಲ ಮೀರದ ಅವಿಭಾಜ್ಯ ಭಾಜಕವೊಂದು ಇರಲೇಬೇಕು; ಇದರ ವರ್ಗಮೂಲ 46,340ರ ಆಸುಪಾಸು. ಅಲ್ಲಿಯವರೆಗಿನ ಅವಿಭಾಜ್ಯಗಳೇ ಸುಮಾರು 4,800. ಎಲ್ಲದರಿಂದಲೂ ಭಾಗಿಸಿ ನೋಡಬೇಕಿಲ್ಲ. q ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, 2ರ 31ನೇ ಘಾತವನ್ನು qನಿಂದ ಭಾಗಿಸಿದಾಗ ಶೇಷ 1. 31 ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಘಾತದಲ್ಲಿ ಶೇಷ 1 ಬರುವಂತಿಲ್ಲ. 2ರ q−1ನೇ ಘಾತಕ್ಕೂ ಶೇಷ 1 ಎಂಬುದು ಫರ್ಮಾ ಎಂಬ ಗಣಿತಜ್ಞರ ನಿಯಮ, ಹಾಗಾಗಿ q−1 ಅನ್ನು 31 ಭಾಗಿಸಲೇಬೇಕು. ಜೊತೆಗೆ qನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ. ಎರಡೂ ಷರತ್ತು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಸಂಖ್ಯೆಗಳಷ್ಟೇ ಕಣದಲ್ಲಿ. 63 ಅವಿಭಾಜ್ಯವಲ್ಲ, ಅದನ್ನು ಬಿಟ್ಟರೆ ಅಂಥವು 372. ಅವುಗಳಲ್ಲೂ ಅವಿಭಾಜ್ಯವಲ್ಲದವನ್ನು ತೆಗೆದರೆ 84. ಒಂದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಕೈಲೆಕ್ಕದ ಕಾಲದಲ್ಲಿ ಇದೆಂಥ ಉಳಿತಾಯ!

ಈ ಅವಿಭಾಜ್ಯತೆಯಿಂದ ದುಡಿಯುವುದು ಯಾದೃಚ್ಛಿಕ, ಅಂದರೆ ಗೊತ್ತುಗುರಿಯಿಲ್ಲದೆ ಬಂದಂತೆ ಕಾಣುವ, ಸಂಖ್ಯೆಗಳನ್ನು ಹುಟ್ಟಿಸುವ ಒಂದು ಹಳೆಯ ವಿಧಾನ. 1ರಿಂದ ಶುರುಮಾಡಿ, 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನೇ ಮುಂದಿನ ಸಂಖ್ಯೆಯಾಗಿ ಇಟ್ಟುಕೊಳ್ಳಿ: 16807, 282475249, 1622650073... ಭಾಜಕ ಅವಿಭಾಜ್ಯ, 16807 ಸರಿಯಾಗಿ ಆರಿಸಿದ ಗುಣಕ. ಆದ್ದರಿಂದ 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಮ್ಮೊಮ್ಮೆ ಬಂದ ಮೇಲಷ್ಟೇ ಸರಣಿ ಮರುಕಳಿಸುತ್ತದೆ. ಭಾಜಕವಾಗಿ 2ರ ಘಾತವನ್ನು ಇಟ್ಟಿದ್ದರೆ ಕೊನೆಯ ಬಿಟ್‌ಗಳು ಚಿಕ್ಕ ಚಕ್ರದಲ್ಲೇ ಸುತ್ತುತ್ತಿದ್ದವು.

ಎಡವುವುದು ಎರಡು ಕಡೆ. ಆರಂಭಕ್ಕೆ 0 ಕೊಟ್ಟರೆ ಕೊನೆತನಕ 0ಯೇ. ಗುಣಲಬ್ಧ 46 ಬಿಟ್‌ವರೆಗೆ ಬೆಳೆಯುತ್ತದೆ. 32 ಬಿಟ್‌ನಲ್ಲಿ ಇಟ್ಟರೆ ಮೇಲಿನ ಬಿಟ್‌ಗಳು ಕತ್ತರಿಸಿಹೋಗಿ ತಪ್ಪು ಸಂಖ್ಯೆ ಬರುತ್ತದೆ, ದೋಷದ ಸೂಚನೆ ಬರದೆಯೂ ಇರಬಹುದು. 64 ಬಿಟ್ ಬಳಸಿ. ಭಾಗಾಕಾರವೂ ಬೇಡ: 2ರ 31ನೇ ಘಾತವನ್ನು 2147483647ರಿಂದ ಭಾಗಿಸಿದರೆ ಶೇಷ 1 ತಾನೆ, ಕೆಳಗಿನ 31 ಬಿಟ್‌ಗಳಿಗೆ ಮೇಲಿನವನ್ನು ಕೂಡಿಸಿ, ಮೊತ್ತ 2147483647 ಮುಟ್ಟಿದರೆ ಅಥವಾ ಮೀರಿದರೆ ಅದನ್ನು ಒಮ್ಮೆ ಕಳೆದರಾಯಿತು. 1ರಿಂದ ಹೊರಟು ಹತ್ತು ಸಾವಿರ ಸಲ ಗುಣಿಸಿದ ಮೇಲೆ 1043618065 ಬರಬೇಕು. ಬರದಿದ್ದರೆ ಮೊದಲು ಗುಣಲಬ್ಧದ ಅಗಲ ನೋಡಿ.

ಒಟಿಪಿಗೆ, ಪಾಸ್‌ವರ್ಡ್‌ಗೆ ಇದನ್ನು ಖಂಡಿತ ಬಳಸಬೇಡಿ. ಒಂದು ಸಂಖ್ಯೆ ಪೂರ್ತಿ ಕೈಗೆ ಸಿಕ್ಕರೆ ಸಾಕು, ಮುಂದಿನದ್ದೆಲ್ಲ ಯಾರು ಬೇಕಾದರೂ ಕಂಡುಹಿಡಿಯಬಹುದು.