ಪ್ರತಿ ಬೇಸಿಗೆಗೂ ಗ್ಯಾಸ್ ಹಾಕಿಸುವ ಕಾರು

ದಾವಣಗೆರೆಯಲ್ಲಿ ಯುಗಾದಿ ಹತ್ತಿರ ಬಂತೆಂದರೆ ನನ್ನ ಗ್ಯಾರೇಜಿನ ಮುಂದೆ ಹಳೆಯ ಕಾರುಗಳು ಸಾಲುಗಟ್ಟುತ್ತವೆ. ಎಲ್ಲರದೂ ಒಂದೇ ಮಾತು: "ಸ್ವಲ್ಪ ಗ್ಯಾಸ್ ಹಾಕಿಕೊಡಿ." ಎ.ಸಿ. ಗ್ಯಾಸನ್ನು ನಮ್ಮ ಜನ ಪೆಟ್ರೋಲಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಪೆಟ್ರೋಲ್ ಉರಿದು ಹೋಗುತ್ತದೆ. ಈ ಗ್ಯಾಸ್ ಮುಚ್ಚಿದ ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್, ಓ-ರಿಂಗ್‌ಗಳಿಂದ ವರ್ಷಕ್ಕೆ ಚೂರುಪಾರು ಹೋಗುವುದುಂಟು. ಆರೇಳು ತಿಂಗಳಲ್ಲೇ ತಂಪು ಮಾಯವಾದರೆ ಎಲ್ಲೋ ತೂತು ಬಿದ್ದಿದೆ.

ಕಳೆದ ಮಾರ್ಚ್‌ನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹದಿನೇಳು ವರ್ಷದ ಕಾರು ತಂದರು. ಮೂರು ಬೇಸಿಗೆ ಸತತವಾಗಿ ಗ್ಯಾಸ್ ಹಾಕಿಸಿದ್ದರು; ದಸರಾ ಹೊತ್ತಿಗೆ ಬರೀ ಗಾಳಿ.

ನಾನು ಒತ್ತಡ ಅಳೆಯುವ ಗೇಜ್ ಮುಟ್ಟುವ ಮೊದಲು ಬಾನೆಟ್ ಎತ್ತುತ್ತೇನೆ. ಎ.ಸಿ. ಹಾಕಿದೊಡನೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನ ಕ್ಲಚ್ "ಟಕ್" ಎಂದು ಹಿಡಿಯಬೇಕು, ಮುಂದಿನ ಫ್ಯಾನ್ ತಿರುಗಬೇಕು. ಹೆದ್ದಾರಿಯಲ್ಲಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಎನ್ನುವ ಕಾರಿಗೆ ಸಾಮಾನ್ಯವಾಗಿ ಗ್ಯಾಸ್ ಬೇಡ. ಹೆಚ್ಚಾಗಿ ಫ್ಯಾನ್ ಕೆಟ್ಟಿರುತ್ತದೆ, ಇಲ್ಲವೇ ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಮುಂದಿನ ಜಾಲರಿ, ಅಂದರೆ ಕಂಡೆನ್ಸರ್, ಕಟ್ಟಿಕೊಂಡಿರುತ್ತದೆ. ಭತ್ತದ ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆಯ ಕಾರುಗಳ ಕಂಡೆನ್ಸರಿನಿಂದ ಹಿಡಿಹಿಡಿ ಹೊಟ್ಟು ತೆಗೆದಿದ್ದೇನೆ. ಮೆಲ್ಲಗೆ ನೀರು ಬಿಟ್ಟು ತೊಳೆದರೆ ಸಾಕು. ಅಂಥ ಕಾರಿಗೆ ಇನ್ನಷ್ಟು ಗ್ಯಾಸ್ ತುಂಬಿದರೆ ಒತ್ತಡ ಏರಿ ಕಂಪ್ರೆಸರ್ ಏದುಸಿರು ಬಿಡುತ್ತದೆ, ತಂಪು ಇನ್ನೂ ಇಳಿಯುತ್ತದೆ.

ಮೇಷ್ಟ್ರ ಕಾರಿನ ಕ್ಲಚ್ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಮಾಡುತ್ತಿತ್ತು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಗೇಜ್ ಹಚ್ಚಿದೆ. ಹವೆ 30 ಡಿಗ್ರಿ ಇದ್ದಾಗ, ಒಳಗೆ ಈ ಕಾರಿನ ಎ.ಸಿ. ಗ್ಯಾಸಾದ ಆರ್-134ಎ ದ್ರವರೂಪದಲ್ಲಿ ತುಸುವಾದರೂ ಉಳಿದಿದ್ದರೆ ನೀಲಿ, ಕೆಂಪು ಎರಡೂ ಮುಳ್ಳುಗಳು 95–100 ಪಿಎಸ್‌ಐ ಹತ್ತಿರ ನಿಲ್ಲುತ್ತವೆ. ಇಲ್ಲಿ 40. ದ್ರವವೇ ಉಳಿದಿಲ್ಲ.

ಹಾಗೆಂದು ಮುಳ್ಳು ನೂರಕ್ಕೆ ಬಂದರೆ ಗ್ಯಾಸ್ ಸರಿಯಾಗಿದೆ ಎಂದೇನೂ ಅಲ್ಲ. ಅಡುಗೆಮನೆಯ ಸಿಲಿಂಡರ್ ನೋಡಿ: ತುಂಬಿದ್ದರೂ ಕಾಲು ಭಾಗವಿದ್ದರೂ ಒಲೆಯ ಉರಿ ಒಂದೇ. ಎಷ್ಟಿದೆಯೆಂದು ತಿಳಿಯಲು ಎತ್ತಿ ನೋಡುತ್ತೇವಲ್ಲ, ಹಾಗೆಯೇ ಕಾರಿಗೂ ತೂಕವೇ ಪ್ರಮಾಣ. ಬಾನೆಟ್ ಒಳಗಿನ ಚೀಟಿಯಲ್ಲಿ ಗ್ರಾಂ ಲೆಕ್ಕ ಬರೆದಿರುತ್ತದೆ. ಚೀಟಿ ಮಾಸಿದ್ದರೆ ಆ ಮಾದರಿಯ ಸರ್ವಿಸ್ ಪುಸ್ತಕ ನೋಡಬೇಕು, ಅಂದಾಜಿಗೆ ಹಾಕಬಾರದು.

ಸೋರುವ ಜಾಗ ಸಾಮಾನ್ಯವಾಗಿ ತಾನೇ ಗುರುತು ಕೊಡುತ್ತದೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಜಿನುಗಿ, ಅದಕ್ಕೆ ಧೂಳು ಮೆತ್ತಿಕೊಂಡು ಕಪ್ಪು ಕಲೆಯಾಗುತ್ತದೆ. ಮೇಷ್ಟ್ರ ಕಾರಿನ ಕಂಡೆನ್ಸರ್, ಜಾಯಿಂಟ್, ಹೋಸ್ ಎಲ್ಲ ಒಣಗಿದ್ದವು. ಉಳಿದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, 150 ಪಿಎಸ್‌ಐ ನೈಟ್ರೋಜನ್ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 120. ಸೋಪಿನ ನೊರೆ ಹಚ್ಚಿದಲ್ಲೆಲ್ಲ ಗುಳ್ಳೆಯಿಲ್ಲ. ಕೊನೆಗೆ ಕಾರಿನ ಕೆಳಗೆ ಮಲಗಿ, ಕೂಲಿಂಗ್ ಕಾಯಿಲ್‌ನ ನೀರು ಇಳಿಯುವ ಪೈಪಿನ ಬಾಯಿಗೆ ಬೆರಳು ತೂರಿಸಿದೆ. ಜಿಡ್ಡು ಹತ್ತಿತು. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್‌ನಲ್ಲೇ ತೂತಾಗಿತ್ತು.

ಅದನ್ನು ಬಿಚ್ಚುವುದು ನನಗೂ ಇಷ್ಟದ ಕೆಲಸವಲ್ಲ. ಬಿಸಿಲು ಕಂಡ ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಪ್ಪಳದಂತೆ ಮುರಿಯುತ್ತವೆ. ಸೋರಿಕೆ ಮುಚ್ಚುವ ಡಬ್ಬಿ ಸುರಿಯಬಾರದೇ ಎಂದು ಮೇಷ್ಟ್ರು ಕೇಳಿದರು. "ಬೇಡಿ ಮೇಷ್ಟ್ರೇ, ಅದು ವಾಲ್ವಿನ ಸಣ್ಣ ಕಂಡಿಯಲ್ಲಿ ಕಟ್ಟಿಕೊಂಡರೆ ಇನ್ನೊಂದು ಖರ್ಚು" ಎಂದೆ. ಹೊಸ ಕಾಯಿಲ್, ಹೊಸ ಓ-ರಿಂಗ್, ತೇವ ಹೀರುವ ಡ್ರೈಯರ್ ಹಾಕಿದೆ. ಹಳೆಯ ಕಾಯಿಲ್ ಜೊತೆ ಹೋದಷ್ಟು ಎಣ್ಣೆಯನ್ನೂ ಸೇರಿಸಿದೆ. ಡ್ರೈಯರ್‌ನಲ್ಲಿ ಉಳಿತಾಯ ಮಾಡುವವರನ್ನು ನಾನು ಒಪ್ಪುವುದಿಲ್ಲ. ತೇವ ಉಳಿದರೆ ವಾಲ್ವಿನ ಬಾಯಲ್ಲಿ ಮಂಜುಗಟ್ಟುತ್ತದೆ: ಕಾಲು ಗಂಟೆ ತಂಪು, ಆಮೇಲೆ ಬಿಸಿ, ಆರಿಸಿ ಬಿಟ್ಟರೆ ಮತ್ತೆ ತಂಪು.

ತೇವ ತೆಗೆಯಲು ಮುಕ್ಕಾಲು ಗಂಟೆ ವ್ಯಾಕ್ಯೂಮ್, ಅಂದರೆ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆಯುವುದು. ಮಂಗಳೂರಿನಲ್ಲಿ ಮುಳ್ಳು ಪಾದರಸದ 29 ಇಂಚು ದಾಟುತ್ತದೆ. ಸುಮಾರು 600 ಮೀಟರ್ ಎತ್ತರದ ನಮ್ಮೂರಿನಲ್ಲಿ 28 ಮುಟ್ಟುವುದೇ ಕಷ್ಟ. ಹೊರಗಿನ ಗಾಳಿಯ ಒತ್ತಡವೇ ಅಷ್ಟು ಕಡಿಮೆ, ಪಂಪನ್ನು ಬೈಯಬೇಕಾಗಿಲ್ಲ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಕದಲದಿದ್ದರೆ ಆಯಿತು. ತೂಕದ ಯಂತ್ರದ ಮೇಲೆ ಸಿಲಿಂಡರ್ ಇಟ್ಟು 400 ಗ್ರಾಂ ಬಿಟ್ಟೆ. ಅಷ್ಟೇ ಗ್ಯಾಸ್ ಗಾಳಿಗೆ ಹೋದರೆ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ 570 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಮೂರು ವರ್ಷ ಸೋರಿದ್ದು ನೆನಪಾಗಿ ಮೇಷ್ಟ್ರಿಗೆ ಹೇಳಿದೆ, ಅವರು ಪೆಚ್ಚಾದರು.

ಅಗ್ಗಕ್ಕೆ ಸಿಗುವ ಗುರುತಿಲ್ಲದ ಗ್ಯಾಸ್ ಬಗ್ಗೆ ಒಂದು ಮಾತು. ಕೆಲವದರಲ್ಲಿ ಅಡುಗೆ ಅನಿಲದ ಬೆರಕೆ ಇರುತ್ತದೆ. ತಂಪೇನೋ ಕೊಡುತ್ತದೆ, ಆದರೆ ಕಾಯಿಲ್ ತೂತಾದರೆ ಅದು ಬಂದು ಸೇರುವುದು ನೀವು ಕುಳಿತ ಜಾಗಕ್ಕೇ.

ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿ ಎಂದು ಹೇಳಿ ಕಳಿಸಿದೆ. ಓಡಿಸದಿದ್ದರೆ ಎಣ್ಣೆ ತಾಗದೆ ಕಂಪ್ರೆಸರಿನ ಸೀಲ್ ಒಣಗುತ್ತದೆ. ಮರುದಿನ ಬೆಳಿಗ್ಗೆಯೇ ಫೋನ್. "ಕಾರಿನ ಕೆಳಗೆ ಮತ್ತೆ ಏನೋ ಸೋರುತ್ತಿದೆ ಕಣಯ್ಯಾ!" ಮುಟ್ಟಿ ನೋಡಿ, ಜಿಡ್ಡಿದೆಯಾ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಇಲ್ಲ, ಬರೀ ತಣ್ಣೀರು."

"ಹಾಗಾದರೆ ಸೋರಲಿ ಬಿಡಿ ಮೇಷ್ಟ್ರೇ."